ಮಾಸ್ತರರ ಅರ್ಧ ಗಡ್ಡ

ಒಂದಾನೊಂದು ಊರಿನಲ್ಲಿ ಒಬ್ಬ ಮನುಷ್ಯನಿದ್ದ. ಅವನು ರಾಜನಲ್ಲ, ಮಠದ ಸ್ವಾಮಿಯಲ್ಲ, ಪೋಲೀಸನೂ ಅಲ್ಲ. ಆದರೂ ಅವನ ಮುಂದೆ ಕೂತವರು ತಗ್ಗಿಸು ಎಂದರೆ ತಲೆ ತಗ್ಗಿಸಬೇಕಿತ್ತು, ಎತ್ತು ಎಂದರೆ ಎತ್ತಬೇಕಿತ್ತು, ಕೊರಳನ್ನು ಅವನ ಕೈಗೆ ಒಪ್ಪಿಸಿ ಕಣ್ಣು ಮುಚ್ಚಬೇಕಿತ್ತು. ಒಂದು ದಿನ ದೊಡ್ಡ ಗಾಳಿಯೊಂದು ಬಂದು ಅವನ ಲೋಕದ ಎಡಗಡೆಯ ಅರ್ಧವನ್ನು ಕದ್ದುಕೊಂಡು ಹೋಯಿತು.

ನನ್ನಜ್ಜಿಯಾಗಿದ್ದರೆ ಇಲ್ಲಿಗೆ ನಿಲ್ಲಿಸಿ 'ಹೂಂ ಅನ್ನು' ಎನ್ನುತ್ತಿದ್ದಳು. ಹೂಂಗುಟ್ಟದ ಮಕ್ಕಳಿಗೆ ಅವಳು ಮುಂದಿನ ಕಥೆ ಹೇಳುತ್ತಿರಲಿಲ್ಲ. ನೀವು ಹೂಂ ಅಂದಿರೆಂದೇ ತಿಳಿದು ಮುಂದುವರಿಯುತ್ತೇನೆ.

ಊರು ಬೆಟಗೇರಿ. ಗದಗಿನ ಗುಡ್ಡಗಳ ತುಂಬ ಗಾಳಿಯಂತ್ರಗಳು ಕಾಡಿನಂತೆ ಬೆಳೆದು ನಿಂತ, ಔಷಧದ ಪೊಟ್ಟಣಗಳನ್ನು ಡ್ರೋನುಗಳು ಮಾಳಿಗೆಯ ಮೇಲೆ ಇಳಿಸಿ ಹೋಗುವ ಕಾಲ. ಮನುಷ್ಯನ ಹೆಸರು ಚನ್ನಮಲ್ಲಪ್ಪ ಹಡಪದ, ಕ್ಷೌರಿಕ. ಶ್ರಾವಣವಿಡೀ ಗಡ್ಡ ಮುಟ್ಟದ ರುದ್ರಮುನಿ ಮಾಸ್ತರರು, ಅಂದರೆ ಕನ್ನಡ ಶಾಲೆಯಿಂದ ನಿವೃತ್ತರಾದ ಅವನ ಹಳೆಯ ಗಿರಾಕಿ, ಮಾಸ ಕಳೆದ ಕೂಡಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಬಲಗೆನ್ನೆ ಮುಗಿದಿತ್ತು. ನೊರೆಯ ನೀರು ಚೆಲ್ಲಲು ಚನ್ನಮಲ್ಲಪ್ಪ ಹೊರಗೆ ಕಾಲಿಟ್ಟ. ಗಾಳಿಗೆ ಕಿತ್ತುಬಂದ ಅಂಗಡಿಯ ಹೆಸರಿನ ಹಲಗೆ ಅವನ ತಲೆಯ ಬಲಭಾಗಕ್ಕೆ ಬಡಿಯಿತು. ಅರ್ಧ ಮುಖದಲ್ಲಿ ನೊರೆಯಿದ್ದ ಹಾಗೆಯೇ ಮಾಸ್ತರರು ಅವನನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದರು.

ಅಲ್ಲಿ ಜೀವ ಉಳಿಸಿದರು. ಉಳಿದ ಜೀವವನ್ನು ಬದುಕಿಗೆ ಮರಳಿಸುವ ಕೆಲಸ ನಮ್ಮ 'ಕೈಗೂಡು' ಕೇಂದ್ರದ್ದು. ಅಲ್ಲಿ ನಾನು ಯಂತ್ರದ ಕಡೆಯವಳು, ಭಾಗೀರಥಿ. ಶಮೀಮಾ ನದಾಫ್ ಮೇಡಮ್ ಮನುಷ್ಯರ ಕಡೆಯವರು. ಅವರ ಹುದ್ದೆಯ ಹೆಸರು ಔದ್ಯೋಗಿಕ ಚಿಕಿತ್ಸಕಿ. 'ಉದ್ಯೋಗ ಅಂದ್ರ ಪಗಾರಲ್ಲ ಭಾಗೀ,' ಎಂದು ಸೇರಿದ ದಿನವೇ ನನಗೆ ಹೇಳಿದ್ದರು. 'ಹಲ್ಲು ತಿಕ್ಕೂದು ಉದ್ಯೋಗ. ಗುಂಡಿ ಹಾಕ್ಕೊಳ್ಳೂದು ಉದ್ಯೋಗ. ಹೆಂಡ್ತಿ ಕೂಡ ಜಗಳಾ ಆಡೂದೂ ಉದ್ಯೋಗನ. ಮನಷ್ಯಾ ದಿನಾ ಏನೇನ್ ಮಾಡ್ತಾನೋ ಅದೆಲ್ಲಾ.'

ನಮ್ಮ ಯಂತ್ರದ ಹೆಸರು ನೆರಳು. ತಲೆಗೆ ಜೇಡರ ಬಲೆಯಂಥ ಟೊಪ್ಪಿಗೆ, ಕೊರಳಿಗೊಂದು ಪಟ್ಟಿ, ಸೋತ ಕೈಗೆ ಭುಜದವರೆಗೂ ಏರುವ ತೋಳುಚೀಲ. ಲೋಟ ಎತ್ತಬೇಕು ಎಂದು ಮಿದುಳು ನೆನೆದದ್ದನ್ನು ಟೊಪ್ಪಿಗೆ ಆಲಿಸುತ್ತದೆ. ಆ ಅಪ್ಪಣೆ ದಾರಿ ತಪ್ಪಿ ಕೈಯವರೆಗೆ ತಲುಪದಿದ್ದರೆ, ತೋಳುಚೀಲದ ಎಳೆಗಳು ಬಿಗಿದು ಸಡಿಲಿ ಕೆಲಸ ಮಾಡಿಸುತ್ತವೆ. ಕಾಣದ ಕಡೆಯಲ್ಲಿ ಏನಾದರೂ ಇದ್ದರೆ ಕೊರಳಪಟ್ಟಿ ಕಚಗುಳಿಯಿಟ್ಟು ತಲೆ ತಿರುಗಿಸುತ್ತದೆ. ಒಮ್ಮೆ ನೆರಳು ತೊಟ್ಟವರು ಸಾಮಾನ್ಯವಾಗಿ ಅದನ್ನು ಬಿಚ್ಚುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡವರ ಹಾಗೆ ಹಾಯಾಗಿ ಓಡಾಡಿಕೊಂಡಿರುತ್ತಿದ್ದರು.

ಚನ್ನಮಲ್ಲಪ್ಪ ಬಂದಾಗ ಇನ್ನೂ ಕಣ್ಣು ತೆರೆದಿರಲಿಲ್ಲ. ಟೊಪ್ಪಿಗೆ ಬರೀ ಆಲಿಸುತ್ತಿತ್ತು. ನನ್ನ ಪರದೆಯಲ್ಲಿ ಅವನ ಮಿದುಳು, ಗುಡ್ಡದ ಮೇಲಿಂದ ನೋಡಿದ ಊರಿನ ಹಾಗೆ. ಅಲ್ಲೊಂದು ಇಲ್ಲೊಂದು ದೀಪ, ಬಲಗಡೆಯ ಓಣಿಗಳೆಲ್ಲ ಕತ್ತಲು. ಮಿದುಳಿನ ಬಲಗಡೆ ಕತ್ತಲಾದರೆ ಮೈಯ ಎಡಗಡೆ ಸೋಲುತ್ತದೆ, ಎಡಕ್ಕೆ ಇದ್ದದ್ದು ಗಮನಕ್ಕೇ ಬರುವುದಿಲ್ಲ. ಏಳು ಸಮುದ್ರದಾಚೆ ಗಿಳಿಯ ಎದೆಯಲ್ಲಿ ಪ್ರಾಣವಿಟ್ಟವರ ಕಥೆಗಳಲ್ಲಿ ಬೆಳೆದವಳು ನಾನು. ಇವನ ಗಿಳಿ ಎಲ್ಲಿ ಅಡಗಿದೆಯೋ ಎಂದು ಯೋಚಿಸುತ್ತಿದ್ದೆ.

ಶಮೀಮಾ ಅವರು ಗಿಳಿ ಹುಡುಕಲಿಲ್ಲ. ನೋಡಲು ಬಂದಿದ್ದ ಮಾಸ್ತರರನ್ನು ಮಂಚದ ಪಕ್ಕ ಕೂರಿಸಿದರು.

'ಮಾಸ್ತರ, ನಿಮ್ಮ ಗಡ್ಡಾ ಒಂದೀಟು ಎರವಲು ಕೊಡ್ರಿ.'

'ಗಡ್ಡಾನ?'

'ಇಂವಾ ಹುಟ್ಟಿದಾಗಿಂದ ಮುಟ್ಟಿದ್ದು ಅದನ್ನ ಹೆಚ್ಚು. ಬಗ್ಗ್ರಿ.'

ಚನ್ನಮಲ್ಲಪ್ಪನ ಬಲಗೈಯನ್ನು ಮಾಸ್ತರರ ಎಡಗೆನ್ನೆಯ ಮೇಲಿಟ್ಟರು. ದಿನವೂ ಹೀಗೇ ನಡೆಯಿತು. ಒಮ್ಮೆ ಸೋಪಿನ ವಾಸನೆ, ಒಮ್ಮೆ ಪಟಿಕದ ತಣ್ಣನೆಯ ಕಲ್ಲು, ಆಮೇಲೆ ಗಡ್ಡ. ಮುಖದ ಎರಡು ಕಡೆ ಎರಡು ಉದ್ದದ ಗಡ್ಡ ಹೊತ್ತ ಮಾಸ್ತರರು ಬಗ್ಗಿಕೊಂಡೇ ಇರುತ್ತಿದ್ದರು. ಬೇರೆ ಕಡೆ ತೆಗೆಸಿಕೊಳ್ಳಿ ಎಂದು ಮನೆಯವರು ಹೇಳಿದರೂ ಕೇಳಿರಲಿಲ್ಲ. 'ಎಡಗಡೀದು ಅಣ್ಣ, ಬಲಗಡೀದು ತಮ್ಮ. ಒಂದ್ ತಿಂಗಳ ಫರಕು. ಇರ್ಲಿ ಬಿಡ್ರಿ,' ಎನ್ನುತ್ತಿದ್ದರು.

ಒಂದು ಮುಂಜಾನೆ ಚನ್ನಮಲ್ಲಪ್ಪನ ಹೆಬ್ಬೆರಳು ಅಲುಗಿತು. ಸುಮ್ಮನೆ ಅಲುಗಿದ್ದಲ್ಲ. ಕೂದಲ ಎದುರಿಗೆ ಒಮ್ಮೆ, ಕೂದಲ ಜೊತೆಗೆ ಒಮ್ಮೆ, ನಿಧಾನವಾಗಿ ಸವರಿತು. ಗಡ್ಡ ಯಾವ ದಿಕ್ಕಿಗೆ ಬೆಳೆದಿದೆ ಎಂದು ಕತ್ತಿಗೆ ಮೊದಲು ಕೈ ಕೇಳುವ ಪ್ರಶ್ನೆ ಅದು. ನನ್ನ ಪರದೆಯಲ್ಲಿ ಒಂದು ಓಣಿಗೆ ಓಣಿಯೇ ದೀಪ ಹಚ್ಚಿಕೊಂಡಿತು. ನಾನು ಕೂಗಿದ ಕೂಗಿಗೆ ನರ್ಸಮ್ಮ ಓಡಿಬಂದರು. ಶಮೀಮಾ ಮಾತ್ರ ಅವನ ಕಿವಿಯ ಬಳಿ ಮೆಲ್ಲಗೆ ಹೇಳುತ್ತಿದ್ದರು: 'ಹೌದ್ರಿ ಅಣ್ಣಾರ, ಭಾಳ ಬೆಳದೈತಿ. ಏಳ್ರಿನ್ನ.'

ಎದ್ದ ಮೇಲಿನ ಕಾಲ ಇನ್ನೂ ಕಷ್ಟದ್ದು. ಕಣ್ಣು ತೆರೆದವನು ನಮ್ಮ ಚನ್ನಮಲ್ಲಪ್ಪನಾಗಿರಲಿಲ್ಲ. ಕೊಟ್ಟ ಮೊಸರನ್ನು ದಿಂಬಿಗೆ ನೊರೆಯಂತೆ ಹಚ್ಚಿದ. ಡಾಕ್ಟರರನ್ನು ಸಾಲು ತಪ್ಪಿಸಿದ ಗಿರಾಕಿಯೆಂದುಕೊಂಡು 'ಪಾಳಿ ಹಚ್ಚೋ ಲೇ' ಎಂದು ಬೈದ. ಹೆಂಡತಿ ಕಾಶವ್ವನನ್ನು ಗುರುತಿಸದೆ ಕೈ ಕೊಸರಿಕೊಂಡಾಗ ಆಕೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಶಮೀಮಾ ಅವಳ ಹಿಂದೆಯೇ ಹೋಗಿ, 'ಸಿಟ್ಟು ಬಂತಲ್ಲವಾ, ಅದು ಚಲೋದು. ಊರಿಗೆ ಕರೆಂಟ್ ಬರೂಮುಂದ ಮೊದಲ ದೀಪಾ ಪಿಳಿಪಿಳಿ ಅಂತಾವು,' ಎಂದರು.

ಯಾವ ತಿಂಗಳು ಎಂದು ಕೇಳಿದರೆ ಚನ್ನಮಲ್ಲಪ್ಪನದು ಒಂದೇ ಉತ್ತರ.

'ಶ್ರಾವಣ.'

'ಅಲ್ರಿ ಅಣ್ಣಾರ. ಶ್ರಾವಣ ಹೋಗಿ ದೀಪಾವಳಿ ಆತು.'

'ಮಾಸ್ತರ ಮಾರಿ ಮ್ಯಾಲ ಗಡ್ಡಾ ಐತಲ್ಲ? ಶ್ರಾವಣನ.'

ಮಾಸ್ತರರಿಗೆ ನಾಚಿಕೆಯಾಯಿತು. 'ನನ್ನಿಂದ ಇವಂದು ಪಂಚಾಂಗ ಕೆಟ್ಟೈತಿ. ನಾಳಿ ಎಲ್ಲರ ಹೋಗಿ ತಗಿಸಿಬಿಡ್ತೀನಿ' ಎಂದರು.

ಚನ್ನಮಲ್ಲಪ್ಪ ಎದ್ದು ಕೂತ. ಅಷ್ಟು ದಿನಗಳಲ್ಲಿ ಮೊದಲ ಸಲ ಅವನ ಕಣ್ಣು ಒಂದೇ ಕಡೆ ನಿಂತಿತು. 'ಯಾರರ ಮುಟ್ಟಿಯಾರು! ಅರ್ಧಾ ಮಾಡೇನಿ. ಉಳದರ್ಧಾ ನಾನ ಮಾಡ್ತೀನಿ. ಮಾತಂದ್ರ ಮಾತು.'

'ಆತಪಾ, ಮಾತಂದ್ರ ಮಾತು,' ಎಂದರು ಮಾಸ್ತರರು. ಅಂದಿನಿಂದ ಓಣಿಯ ಹುಡುಗರು 'ಮಾಸ್ತರ, ನಿಮ್ಮ ಶ್ರಾವಣ ಇನ್ನಾ ಮುಗದಿಲ್ಲೇನ್ರೀ?' ಎಂದು ರೇಗಿಸಿದರೂ ಗಡ್ಡಕ್ಕೆ ಅವರು ಕತ್ತರಿ ಸೋಕಿಸಲಿಲ್ಲ.

ಕೆಲವು ದಿನಗಳ ನಂತರ ಪರೀಕ್ಷೆಗೆಂದು ಅವನ ಮುಂದೆ ಬ್ರಷ್ಷು, ಸೋಪು, ಅಲಗಿಲ್ಲದ ಕತ್ತಿ ಇಟ್ಟೆವು. ಮುಟ್ಟಲಿಲ್ಲ. ಕೈ ಮಡಚಿ ಕೂತ. ಇಚ್ಛಾಶಕ್ತಿ ಕುಸಿದಿದೆ ಎಂದು ಯಂತ್ರ ಕೆಂಪು ದೀಪ ತೋರಿಸಿತು. ನನಗೂ ಹೆದರಿಕೆಯಾಯಿತು.

'ಯಾಕ್ರಿ ಅಣ್ಣಾರ, ಬ್ಯಾಡೇನ?'

ಅವನು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವಂತೆ ನೋಡಿದ. 'ಇವತ್ತ ಮಂಗಳವಾರ್ರಿ. ಮಂಗಳವಾರ ಯಾರ್ ಕತ್ತಿ ಹಿಡೀತಾರ?'

ಶಮೀಮಾ ನಗತೊಡಗಿದವರು ನಿಲ್ಲಿಸಲೇ ಇಲ್ಲ. ಅಂದು ನಿಜಕ್ಕೂ ಮಂಗಳವಾರ. ಅವನ ಅಂಗಡಿ ಹುಟ್ಟಿದಾಗಿನಿಂದ ಬಾಗಿಲು ಮುಚ್ಚುತ್ತಿದ್ದ ವಾರ. ತಿಂಗಳು ತಪ್ಪಿದವನು ವಾರ ಹಿಡಿದಿದ್ದ. 'ನಿನ್ನ ಮಿಷನ್ನಿಗೆ ಮಂಗಳವಾರ ಗೊತ್ತಿಲ್ಲ ಭಾಗೀ, ಇಂವಗ ಗೊತ್ತೈತಿ. ಕೆಂಪು ದೀಪಾ ಆರಸು.'

ಆಮೇಲೆ ನೆರಳು ತೊಡಿಸಿದೆವು. ಎಂಥ ಚಂದ ಅಂತೀರಿ! ನೇತಾಡುತ್ತಿದ್ದ ಎಡಗೈ ಎದ್ದು ಗುಂಡಿ ಹಾಕಿತು, ಧೋತರದ ಗಂಟು ಬಿಗಿಯಿತು. ಚನ್ನಮಲ್ಲಪ್ಪ ಮನೆಗೆ ಹೋದ. ನಮ್ಮ ನಿರ್ದೇಶಕರು ಕೈ ಕುಲುಕಿದರು. ಕಾಶವ್ವ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಳು.

ಆದರೆ ಅಂಗಡಿಯಲ್ಲಿ ಅವನು ನಿಜವಾದ ಕತ್ತಿ ಹಿಡಿದು ಮಾಸ್ತರರ ಬಳಿ ಹೋದೊಡನೆ ತೋಳುಚೀಲ ಕಲ್ಲಾಯಿತು. ಅಲಗನ್ನು ಯಾರ ಕೊರಳ ಹತ್ತಿರವೂ ಒಯ್ಯಬಾರದೆಂದು ನೆರಳಿನ ಒಳಗೇ ಕಟ್ಟಿದ ಕಾನೂನು. ಕೊಲೆಗೂ ಕ್ಷೌರಕ್ಕೂ ಇರುವ ವ್ಯತ್ಯಾಸ ಯಂತ್ರಕ್ಕೆ ತಿಳಿಯದು. ಕತ್ತಿ ಇರುವುದು ಬಲಗೈಯಲ್ಲಿ, ಅದಕ್ಕೇನೂ ಆಗಿಲ್ಲ, ಹಾಗಾದರೆ ಎಡಗೈ ಬಿಟ್ಟೇ ಮಾಡಲಿ ಎಂದೆ ನಾನು. ಚನ್ನಮಲ್ಲಪ್ಪ ತಲೆಯಾಡಿಸಿದ. 'ಎಡಗೈ ಚರ್ಮಾ ಜಗ್ಗಿ ಹಿಡೀಲಿಲ್ಲಂದ್ರ ಕತ್ತಿ ರಕ್ತಾ ಕುಡೀತದವಾ. ಜನಾ ಬಲಗೈ ನೋಡ್ತಾರ, ಆದ್ರ ಕ್ಷೌರಾ ಮಾಡೂದು ಎಡಗೈ.'

ನೆರಳು ತೊಟ್ಟರೆ ಅವನು ಎಲ್ಲವೂ ಆಗಬಲ್ಲ, ಕ್ಷೌರಿಕನೊಬ್ಬನನ್ನು ಬಿಟ್ಟು. ಬಿಚ್ಚಿದರೆ ಕೈ ಮತ್ತೆ ನೇತಾಡುತ್ತದೆ, ಎಡಗಡೆಯ ಲೋಕ ಮಾಯವಾಗುತ್ತದೆ.

'ಭಾಗೀ,' ಎಂದರು ಶಮೀಮಾ ಆ ಸಂಜೆ, ನಿಯಂತ್ರಣ ಕೊಠಡಿಯ ಬಾಗಿಲಿಗೆ ಒರಗಿಕೊಂಡು, 'ಈ ನೆರಳಿಗೆ ಮರೆಯೂದು ಕಲಸಾಕ ಬರ್ತದೇನ?'

ಯಂತ್ರಕ್ಕೆ ನೆನಪು ಹೆಚ್ಚಿಸುವುದನ್ನಷ್ಟೇ ನಾವೆಲ್ಲ ಓದಿದ್ದೆವು. ಮರೆವು ಎಂಬುದು ನಮ್ಮಲ್ಲಿ ಕೆಟ್ಟ ಮಾತು.

'ಇಂವಾ ಕೈ ಎತ್ತಬೇಕು ಅನ್ನೂದ್ರಾಗ ಅದು ಎತ್ತಿಬಿಡ್ತದ. ಮಿದುಳು ಮಲಗಿಬಿಡ್ತದ. ನಿಮ್ಮಜ್ಜಿ ಕತಿ ಹೇಳೂಮುಂದ ನೀ ಏನ್ ಮಾಡ್ತಿದ್ದಿ?'

'ಹೂಂ ಅಂತಿದ್ದೆ.'

'ಹಾಂ. ನೆರಳೂ ಬರೇ ಹೂಂ ಅನ್ಲಿ. ಕತಿ ಅಂವನ ಹೇಳ್ಲಿ.'

ಹಾಗೆ ಹುಟ್ಟಿತು ಮರೆಯುವ ನೆರಳು. ಅವನ ಮಿದುಳು ಒಂದು ತುಣುಕು ಕೆಲಸವನ್ನು ತಾನೇ ಮಾಡಿದರೆ, ನೆರಳು ಆ ತುಣುಕನ್ನು ಮರೆತುಬಿಡಬೇಕು. ಮೊದಲು ಬೆರಳು ಬಿಚ್ಚುವುದನ್ನು ಮರೆಯಿತು, ಆಮೇಲೆ ಮಣಿಕಟ್ಟು ತಿರುಗಿಸುವುದನ್ನು. ನಾನು ಬರೆದ ಸೂತ್ರಗಳು ದಿನೇದಿನೇ ಅಳಿಯುವುದನ್ನು ನೋಡುತ್ತ, ಪರದೆಯಲ್ಲಿ ಬಲಗಡೆಯ ಓಣಿಗಳಿಗೆ ಬಳಸುದಾರಿಗಳಿಂದ ಬೆಳಕು ಬರುವುದನ್ನು ನೋಡುತ್ತ, ಊಟಕ್ಕೆ ಏಳುವುದನ್ನೂ ಮರೆಯುತ್ತಿದ್ದೆ.

ಮನೆಯಲ್ಲಿ ಮಾತ್ರ ಇದು ಚಂದದ ಕಥೆಯಾಗಿರಲಿಲ್ಲ. ಒಂದು ಮಧ್ಯಾಹ್ನ ಕಾಶವ್ವ ಫೋನಿನಲ್ಲಿ ಕಿರುಚಿದಳು. 'ಉಣ್ಣಾಕ ಉಡಾಕ ಬರ್ತಿತ್ತು. ಅದನ್ನೂ ಕಸಗೊಂಡ್ರಿ ನೀವು! ನಿನ್ನೆ ತಾಟು ಬೀಳಿಸಿದ್ರು, ಇವತ್ತ ಚರಿಗಿ. ಆ ಮರೆಗುಳಿ ಮಿಷನ್ ಒಯ್ದು ಮೊದಲಿನದು ತಂದು ಹಾಕ್ರಿ.'

ನಾವಿಬ್ಬರೂ ಹೋದೆವು. ಊಟದ ಹೊತ್ತು. ತಾಟಿನ ಬಲಗಡೆಯ ರೊಟ್ಟಿ, ಬದನೆಕಾಯಿ ಪಲ್ಯ ಖಾಲಿಯಾಗಿದ್ದವು. ಎಡಗಡೆಯ ಕಾಳು, ಮೊಸರು ಹಾಗೇ ಇದ್ದವು. 'ಇಷ್ಟ ಏನ? ಹೊಟ್ಟಿ ತುಂಬಲಿಲ್ಲ,' ಎಂದ ಚನ್ನಮಲ್ಲಪ್ಪ. ಕಾಶವ್ವ ರೂಢಿಯಂತೆ ತಾಟು ತಿರುಗಿಸಲು ಕೈ ಚಾಚಿದಳು. ಶಮೀಮಾ ಆ ಕೈ ಹಿಡಿದುಕೊಂಡರು.

'ತಿರಗಸಬ್ಯಾಡವಾ.'

'ಹಸಗೊಂಡ ಕುಂತಾರ್ರೀ!'

'ಗೊತ್ತೈತಿ. ನನ್ನ ಕೆಲಸಕ್ಕಿಂತ ನಿನ್ನ ಕೆಲಸ ದೊಡ್ಡದು. ನಾ ಮಾಡಸಬೇಕು, ನೀ ಮಾಡದ ಇರಬೇಕು.'

ಎಡಗೈಯನ್ನು ತಾಟಿನ ಅಂಚಿಗೆ ಇಡಲು ಅವನಿಗೆ ಹೇಳಿದರು. ಬೆರಳುಗಳು ನೆಲದ ಮೇಲೆ ತೆವಳಿದವು. ಅಂಚು ಸಿಕ್ಕಿತು. ಕೈ ಎಲ್ಲಿ ಹೋಯಿತೆಂದು ಹುಡುಕಿಕೊಂಡು ಕಣ್ಣು ಹೋಯಿತು. ಹೋದ ಕಣ್ಣಿಗೆ ಮೊಸರು ಕಂಡಿತು.

'ಅಯ್ಯ ಇಕಿನ! ಇಷ್ಟೊತ್ತು ಮುಚ್ಚಿಟ್ಟಿದ್ದೇನ?' ಎಂದು ಹೆಂಡತಿಯನ್ನು ಗದರಿದ. ಕಾಶವ್ವ ಅಳುತ್ತಲೇ ನಕ್ಕಳು. ಅಂದಿನಿಂದ ಊಟದ ಹೊತ್ತಿಗೆ ಆಕೆ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದುರಿಗೆ ಕೂರುತ್ತಿದ್ದಳು. ಅಷ್ಟು ಕಷ್ಟದ ಕೆಲಸ ಮಾಡಿದ ಕೈಗಳನ್ನು ನಾನು ಬೇರೆ ಕಂಡಿಲ್ಲ.

ಕೇಂದ್ರದಲ್ಲಿ ಬಲೂನುಗಳ ಮೇಲೆ ಅಭ್ಯಾಸ ಶುರುವಾಯಿತು. ಬಲೂನಿಗೆ ಕಣ್ಣು ಮೂಗು ಬರೆದು, ನೊರೆ ಹಚ್ಚಿ, ಒಡೆಯದಂತೆ ಕತ್ತಿಯಿಂದ ತೆಗೆಯುವುದು. ಕೊರಳಿಲ್ಲದ ಬಲೂನಿಗೆ ನೆರಳಿನ ತಕರಾರಿರಲಿಲ್ಲ. ಎಷ್ಟೋ ಒಡೆದವು. ಆಮೇಲೆ ಒಡೆಯುವುದು ನಿಂತಿತು. ಅಷ್ಟರಲ್ಲಿ ನನ್ನ ಯಂತ್ರ ಭಯಂಕರ ಸುದ್ದಿ ಹೇಳಿತು. ಒಂದು ದಿನ ಬಲೂನಿನ ಎಡಗೆನ್ನೆಯಲ್ಲಿ ನೊರೆ ಉಳಿದಿದೆ, ಮರುದಿನ ಬಲಗೆನ್ನೆಯಲ್ಲಿ. ಎಡದ ಜೊತೆ ಈಗ ಬಲವೂ ಹೋಗುತ್ತಿದೆ! ಮಿದುಳಿನಲ್ಲಿ ಹೊಸ ತೊಂದರೆಯೆಂದು ನಿರ್ದೇಶಕರು ಹೆದರಿ, ಪೂರ್ತಿ ನೆರಳು ಮರಳಿ ತೊಡಿಸಿ, ಕತ್ತಿಯ ಮಾತು ಬಿಡಿ ಎಂದರು.

ಶಮೀಮಾ ಪರದೆಯನ್ನು ನೋಡಲಿಲ್ಲ. ಹೋಗಿ ಚನ್ನಮಲ್ಲಪ್ಪ ಕೆಲಸ ಮಾಡುವುದನ್ನು ನೋಡಿ ಬಂದರು. ಬಂದು ನನ್ನೆದುರು ನಿಂತರು.

'ನನ್ನ ಎಡಗಲ್ಲ ತೋರಸು.'

ತೋರಿಸಿದೆ.

'ಅದು ನಿನ್ನ ಯಾವ ಕಡೆಗೈತಿ?'

'ಬಲಕ್ಕೆ.' ಹೇಳುತ್ತಿದ್ದಂತೆ ನನ್ನ ಕಿವಿ ಬಿಸಿಯಾದವು. ಗಿರಾಕಿಯ ಹಿಂದೆ ನಿಂತು ಕನ್ನಡಿ ನೋಡುತ್ತ ಮಾಡಿದಾಗ ಗಿರಾಕಿಯ ಎಡಗೆನ್ನೆ ಕ್ಷೌರಿಕನ ಎಡಕ್ಕೇ ಇರುತ್ತದೆ. ಮುಂದೆ ಬಂದು ನಿಂತರೆ ಗಿರಾಕಿಯ ಬಲಗೆನ್ನೆ ಅವನ ಎಡಕ್ಕೆ ಬರುತ್ತದೆ. ಕ್ಷೌರಿಕರು ಸುತ್ತಿ ಸುತ್ತಿ ನಿಲ್ಲುತ್ತಾರೆ ಎಂಬುದು ಮಂಚ, ತಾಟು, ಮೇಜುಗಳನ್ನಷ್ಟೇ ಬಲ್ಲ ನಮ್ಮ ಯಂತ್ರಕ್ಕೆ ಹೊಳೆದಿರಲಿಲ್ಲ. ಅವನು ಕಳೆದುಕೊಂಡದ್ದು ಮೊದಲಿನ ಅರ್ಧವನ್ನೇ, ಬೇರೇನನ್ನೂ ಅಲ್ಲ.

'ಹಂಗಾರ ಈ ಅರ್ಧಕ್ಕೊಂದು ಗೂಟಾ ಬಡೀಬೇಕು,' ಎಂದು ಯೋಚಿಸುತ್ತ ಕೂತ ಶಮೀಮಾ, ಮಾಸ್ತರರನ್ನೇ ಬಲೂನಿನ ಜಾಗದಲ್ಲಿ ಕೂರಿಸಿ, ಅಲಗಿಲ್ಲದ ಕತ್ತಿ ಕೊಟ್ಟು ಹೊಸ ಪಾಠ ಶುರು ಮಾಡಿದರು. 'ಅಣ್ಣಾರ, ಎಡಗೈಲೆ ಕಿವಿ ಹಿಡೀರಿ. ಎರಡು ಕಿವಿ ಸಿಗೂತನಕ ಮಾರಿ ಮುಗದಿಲ್ಲ. ತಾಟಿನ ಅಂಚು ಹಿಡದಂಗ.'

'ಹಿಂಡಬ್ಯಾಡೋ!' ಎಂದರು ಮಾಸ್ತರರು.

'ಸಾಲ್ಯಾಗ ನನ್ನ ಕಿವಿ ಹಿಂಡೀರಲ್ಲ?'

'ಅದರ ಬಡ್ಡೀನೂ ಸೇರಿಸಿ ತೊಗೊಳ್ಳಾಕತ್ತಿಯಲ್ಲೋ ಮಗನ!'

ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಎಡಗೈ ನಡೆದು ಹೋಗುವುದು, ಹಿಂದೆ ಕಣ್ಣು, ಅದರ ಹಿಂದೆ ಕತ್ತಿ. ನೆರಳು ಒಂದೊಂದನ್ನೇ ಮರೆಯುತ್ತ ಬಂತು. ಕೊನೆಗೆ ಒಂದು ದಿನ ಕೇವಲ ಕೊರಳಪಟ್ಟಿಯ ಕಚಗುಳಿ ಉಳಿದಿತ್ತು, ಅದನ್ನೂ ಮರೆಯಿತು. ಹಗುರವಾದ ತೋಳುಚೀಲವನ್ನು ನಾನು ಬಿಚ್ಚಿ ಮಡಚಿಟ್ಟೆ.

ಬುಧವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯಿತು. ಚನ್ನಮಲ್ಲಪ್ಪನ ತಲೆಗೆ ಟೊಪ್ಪಿಗೆಯಿಲ್ಲ, ನನಗೆ ಪರದೆಯಿಲ್ಲ. ಅವನೊಳಗಿನ ಊರಿನಲ್ಲಿ ಯಾವ ದೀಪ ಉರಿಯುತ್ತಿದೆಯೋ ಯಾರಿಗೂ ಕಾಣದು. ಉಳಿದವರಂತೆ ನಾನೂ ಬರೀ ಅವನ ಮುಖ ನೋಡಬೇಕು. ಇವತ್ತು ಕೈ ತಪ್ಪಿದರೆ ಮಾಸ್ತರರ ಕೊರಳು. ಕೊರಳು ಉಳಿದರೂ ರಕ್ತ ಕಂಡ ಮೇಲೆ ಬೆಟಗೇರಿಯಲ್ಲಿ ಮತ್ತಾರೂ ಆ ಕುರ್ಚಿಯಲ್ಲಿ ಕೂರುವುದಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು.

'ಮಾಸ್ತರ, ಇನ್ನೊಮ್ಮೆ ವಿಚಾರ ಮಾಡ್ರಿ,' ಎಂದಳು ಕಾಶವ್ವ.

'ಎದ್ದು ಹೋದ್ರ ನನ್ನ ಶ್ರಾವಣ ಯಾವಾಗ ಮುಗೀಬೇಕವಾ?' ಎಂದು ಮಾಸ್ತರರು ಕಣ್ಣು ಮುಚ್ಚಿ ಕೊರಳು ಎತ್ತಿದರು.

ಕತ್ತರಿಯಿಂದ ಉದ್ದ ತೆಗೆದ. ನೊರೆ ಹಚ್ಚಿದ. ಎಡಗೈ ಏರಿ ಮಾಸ್ತರರ ಬಲಗಿವಿ ಹಿಡಿಯಿತು, ಚರ್ಮ ಬಿಗಿಯಿತು. ಕತ್ತಿ ಇಳಿಯಿತು. ಬಲಗೆನ್ನೆ ಸರಸರ ಮುಗಿಯಿತು. ಗದ್ದ, ಗಂಟಲಮಣಿ. ಕತ್ತಿ ಅದನ್ನೂ ದಾಟಿತು. ಕುರ್ಚಿಯ ಹಿಂದೆ ನಿಂತಿದ್ದ ಚನ್ನಮಲ್ಲಪ್ಪ ಕನ್ನಡಿಯಲ್ಲಿ ನೋಡಿ, ತೃಪ್ತಿಯಿಂದ ತಲೆಯಾಡಿಸಿ, ಕತ್ತಿ ಒರೆಸಿ ಮುಚ್ಚಿದ. ಟವೆಲಿಗೆ ಕೈ ಹಾಕಿದ.

ಎಡಗೆನ್ನೆಯ ತುಂಬ ನೊರೆ ಹಾಗೇ ಇತ್ತು.

ಕಾಶವ್ವ ಸೆರಗಿನೊಳಗೆ ಮುಷ್ಟಿ ಬಿಗಿದಿದ್ದಳು. ನನ್ನ ಬಾಯಿ ತೆರೆಯಿತು. ಶಮೀಮಾ ನನ್ನ ಪಾದವನ್ನು ಮೆಟ್ಟಿದರು. ಆ ಒಂದು ಮಾತು ಹೇಳದೆ ತಡೆಯಲು ಅವರೆಷ್ಟು ಕಷ್ಟಪಟ್ಟರೆಂಬುದು ನನ್ನ ಕಾಲ್ಬೆರಳಿಗೆ ಗೊತ್ತು.

ಟವೆಲು ಹಿಡಿದವನು ನಿಂತ. ಏನೋ ಸರಿಯಿಲ್ಲ ಎಂಬಂತೆ ಹುಬ್ಬು ಗಂಟಿಕ್ಕಿದ. 'ಒಂದ ಕಿವಿ ಆತು,' ಎಂದು ತನ್ನಷ್ಟಕ್ಕೆ ಗೊಣಗಿದ. ಮಾಸ್ತರರ ಭುಜದ ಮೇಲಿದ್ದ ಎಡಗೈ ನಿಧಾನವಾಗಿ ಎಡಕ್ಕೆ ತೆವಳಿತು, ಕುತ್ತಿಗೆ ಹತ್ತಿತು, ತಡಕಾಡಿತು, ಎರಡನೆಯ ಕಿವಿಯನ್ನು ಹಿಡಿಯಿತು. ಬೆರಳ ಹಿಂದೆ ಕಣ್ಣು ಹೋಯಿತು.

'ಅಲೆಲೆಲೆ! ಇಲ್ಲಿ ಅರ್ಧಾ ಮಾರಿ ಬಿಟ್ಟೇನಲ್ರೋ! ಮಾಸ್ತರ, ಹೇಳಬಾರದ?'

'ಕೊಳ್ಳಾಗ ಕತ್ತಿ ಇದ್ದಾಗ ಯಾವ ಮಾಸ್ತರ ಮಾತಾಡ್ತಾನೋ?'

'ಸುಮ್ಮನ ಕುಂದರ್ರಿ.'

ಕತ್ತಿ ಮತ್ತೆ ತೆರೆಯಿತು. ಕಿವಿಯಿಂದ ಕೆಳಗೆ, ದವಡೆಯ ತಿರುವಿನಲ್ಲಿ ಒಮ್ಮೆ ನಿಂತು ಹೆಬ್ಬೆರಳಿನಿಂದ ದಿಕ್ಕು ಕೇಳಿಕೊಂಡು, ಎಡಗೈ ಬಿಗಿದ ಚರ್ಮದ ಮೇಲೆ ಹಗುರಾಗಿ, ಕೊನೆಯ ಬಿಳಿಗೆರೆಯನ್ನೂ ಎತ್ತಿಕೊಂಡು ಬಂತು. ಚನ್ನಮಲ್ಲಪ್ಪ ಎರಡೂ ಅಂಗೈಗಳಿಂದ ಮಾಸ್ತರರ ಎರಡೂ ಗಲ್ಲ ಸವರಿ ನೋಡಿದ. ಎಲ್ಲೂ ತಡೆಯಲಿಲ್ಲ. ಅವರಿಗೆ ಹೊದಿಸಿದ್ದ ಬಟ್ಟೆ ತೆಗೆದು ಬಾಗಿಲಿಗೆ ಹೋಗಿ ಫಟಾರನೆ ಝಾಡಿಸಿದ.

'ಏಳ್ರಿ ಮಾಸ್ತರ,' ಎಂದ. 'ಮುಗೀತು.'